ಬೀಗ ಹಾಕದಿದ್ದರೂ ಅದು ಅಕ್ರಮ ಬಂಧನವೇ?

ಪ್ರಶ್ನೆ: ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಕಳೆದ ತಿಂಗಳು ನಗದಿನ ಲೆಕ್ಕ ತಾಳೆಯಾಗಲಿಲ್ಲ. ಮಾಲೀಕರು ನನ್ನನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಕೋಣೆಯೊಂದರಲ್ಲಿ ಕೂರಿಸಿ, ಬಾಗಿಲಲ್ಲಿ ಇಬ್ಬರನ್ನು ನಿಲ್ಲಿಸಿ, ತಪ್ಪೊಪ್ಪಿಗೆ ಬರೆದುಕೊಟ್ಟ ಮೇಲಷ್ಟೇ ಹೊರಗೆ ಬಿಟ್ಟರು. ಬೀಗ ಹಾಕಿರಲಿಲ್ಲ, ಯಾರೂ ಕೈ ಮಾಡಲಿಲ್ಲ, ಹಾಗಾಗಿ ಇದು ಅಪರಾಧವಲ್ಲ ಎಂಬುದು ಅವರ ವಾದ. ಇದು ಸರಿಯೇ?
– ಹೆಸರು ಬೇಡ

ಉತ್ತರ: ಸರಿಯಲ್ಲ. ಒಬ್ಬ ವ್ಯಕ್ತಿಗೆ ಹೋಗಲು ಹಕ್ಕಿರುವ ದಿಕ್ಕಿನಲ್ಲಿ ಹೋಗದಂತೆ ಬೇಕೆಂದೇ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ ಪ್ರಕಾರ ಅಕ್ರಮ ತಡೆ. ಅದೇ ಅಡ್ಡಿ ಒಂದು ಎಲ್ಲೆಯನ್ನು ದಾಟಿ ಯಾವ ಕಡೆಗೂ ಹೋಗಲಾಗದಂತೆ ಮಾಡಿದರೆ 127ನೇ ಸೆಕ್ಷನ್ ಅಡಿ ಅಕ್ರಮ ಬಂಧನವಾಗುತ್ತದೆ. ಮೊದಲನೆಯದಕ್ಕೆ ಒಂದು ತಿಂಗಳವರೆಗೆ ಸಾದಾ ಸೆರೆವಾಸ, ಎರಡನೆಯದಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡು ಅಪರಾಧಗಳಿಗೂ 5,000 ರೂಪಾಯಿವರೆಗೆ ದಂಡ, ಅಥವಾ ಸೆರೆವಾಸ ಮತ್ತು ದಂಡ ಎರಡೂ.

ಈ ವ್ಯಾಖ್ಯೆಗಳಲ್ಲಿ ಬೀಗದ ಮಾತೂ ಇಲ್ಲ, ಹೊಡೆತದ ಮಾತೂ ಇಲ್ಲ. ಕಟ್ಟಡದ ಬಾಗಿಲುಗಳಲ್ಲಿ ಬಂದೂಕುಧಾರಿಗಳನ್ನು ನಿಲ್ಲಿಸಿ, ಹೊರಬಂದರೆ ಗುಂಡು ಹಾರಿಸುತ್ತಾರೆ ಎಂದು ಬೆದರಿಸುವುದನ್ನು ಕಾನೂನೇ ಅಕ್ರಮ ಬಂಧನದ ಉದಾಹರಣೆಯಾಗಿ ಕೊಟ್ಟಿದೆ. ನಿಮ್ಮ ಬಾಗಿಲಲ್ಲಿ ನಿಂತವರ ಬಳಿ ಆಯುಧವಿರಲಿಲ್ಲ ನಿಜ, ಆದರೆ ಎದ್ದು ಹೊರಟರೆ ಅವರು ತಡೆಯುತ್ತಾರೆಂದು ನಂಬಲು ನಿಮಗೆ ಸಕಾರಣವಿತ್ತೇ ಎಂಬುದೇ ಮುಖ್ಯ ಪ್ರಶ್ನೆ.

ನಿಮ್ಮ ಪ್ರಕರಣದಲ್ಲಿ ಇದಕ್ಕಿಂತ ಗಂಭೀರವಾದ ಅಂಶವೂ ಇದೆ. ತಪ್ಪೊಪ್ಪಿಗೆ ಪಡೆಯಲೆಂದೇ ಒಬ್ಬರನ್ನು ಕೂಡಿಹಾಕುವುದು ಅದೇ ಸೆಕ್ಷನ್ನಿನ 8ನೇ ಉಪವಿಧಿಯಡಿ ಬೇರೆಯೇ ಅಪರಾಧವಾಗಿದ್ದು, ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಹಣ ಕಳೆದುಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬರೀ ಅನುಮಾನದ ಮೇಲೆ ನೌಕರರನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಮಾಲೀಕರಿಗಿಲ್ಲ. ತನ್ನ ಕಣ್ಣೆದುರಿಗೇ ಜಾಮೀನುರಹಿತ, ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ನಡೆದರೆ ಸಾಮಾನ್ಯ ನಾಗರಿಕನೂ ಆರೋಪಿಯನ್ನು ಹಿಡಿಯಬಹುದೆಂಬುದು ನಿಜ. ಆಗಲೂ ವಿಳಂಬವಿಲ್ಲದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಇಲ್ಲಿ ಯಾರೂ ಕಳವನ್ನು ಕಂಡಿಲ್ಲ, ಪೊಲೀಸರನ್ನು ಕರೆದೂ ಇಲ್ಲ.

ಆ ಕಾಗದವನ್ನು ಯಾವ ಸ್ಥಿತಿಯಲ್ಲಿ ಬರೆದುಕೊಟ್ಟಿರಿ, ಬಾಗಿಲಲ್ಲಿ ಯಾರಿದ್ದರು, ಯಾವ ಮಾತು ಬಂತು ಎಂಬುದನ್ನೆಲ್ಲ ವಿವರಿಸಿ ಠಾಣೆಗೆ ಲಿಖಿತ ದೂರು ಕೊಡಿ. ಅಲ್ಲಿ ದಾಖಲಿಸಿಕೊಳ್ಳದಿದ್ದರೆ ಅದರ ಸಾರಾಂಶವನ್ನು ಅಂಚೆ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಕಟ್ಟಡದಲ್ಲಿ ಸಿಸಿಟಿವಿ ಇದ್ದರೆ ಆ ದಿನದ ದೃಶ್ಯಗಳನ್ನು ಅಳಿಸದಂತೆ ಕಾಯ್ದಿಡಿಸಬೇಕೆಂದು ದೂರಿನಲ್ಲೇ ಕೋರಿ.