ಕಾಮರ್ಸ್ ಓದಿದವರೂ ಸೈಕಾಲಜಿಗೆ ಹೋಗಬಹುದು

ಪಿಯುಸಿಯಲ್ಲಿ ಕಾಮರ್ಸ್ ಓದಿ ಸೈಕಾಲಜಿಸ್ಟ್ ಆಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗಬಹುದು. ಸೈನ್ಸ್ ಬೇಕೇ ಬೇಕು ಅನ್ನುವುದು ಸೈಕಿಯಾಟ್ರಿಸ್ಟ್ ಆಗುವವರಿಗೆ. ಅವರು ಎಂಬಿಬಿಎಸ್ ಮುಗಿಸಿ ಎಂಡಿ ಮಾಡುತ್ತಾರೆ, ಔಷಧಿ ಬರೆಯುತ್ತಾರೆ. ನಿಮ್ಮ ದಾರಿ ಬೇರೆ. ಸೈಕಾಲಜಿ ಇರುವ ಬಿಎ ಸೇರಿ, ಆಮೇಲೆ ಎಂಎ ಅಥವಾ ಎಂಎಸ್ಸಿ ಮಾಡಿ.

ಹೆಚ್ಚಿನವರು ಎಡವುವುದು ಅದರ ನಂತರ. ಬರೀ ಎಂಎ ಮಾಡಿದರೆ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ತೊಂದರೆಗಳಿಗೆ ಔಷಧಿ ಇಲ್ಲದೆ ಚಿಕಿತ್ಸೆ ಕೊಡುವವರು, ಅಂತ ಬೋರ್ಡ್ ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಮಾಡಿಸಬೇಕು. ಇಷ್ಟು ವರ್ಷ ಹೆಚ್ಚಿನವರು ಹಿಡಿಯುತ್ತಿದ್ದದ್ದು ಎಂಎ ಆದಮೇಲೆ ಮಾಡುವ ಎರಡು ವರ್ಷದ ಎಂಫಿಲ್. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಹೆಸರುವಾಸಿ, ಆದರೆ ಸೀಟು ಕಮ್ಮಿ, ಪೈಪೋಟಿ ಜಾಸ್ತಿ. ಈಗ ಎಂಫಿಲ್ ಪದವಿಯನ್ನೇ ನಿಲ್ಲಿಸಲಾಗುತ್ತಿದೆ. ನೀವು ಅಲ್ಲಿಗೆ ತಲುಪುವಷ್ಟರಲ್ಲಿ ಕೋರ್ಸ್‌ಗಳ ಹೆಸರೇ ಬದಲಾಗಿರಬಹುದು. ಹಾಗಾಗಿ ಫೀಸು ಕಟ್ಟುವ ಮೊದಲು ಆ ಕಾಲೇಜು ಆರ್‌ಸಿಐ ಪಟ್ಟಿಯಲ್ಲಿದೆಯಾ ಅಂತ ನೀವೇ ನೋಡಿ. ಏಜೆಂಟ್ ಮಾತು ನಂಬಬೇಡಿ.

ಕ್ಲಿನಿಕಲ್ ಒಂದೇ ಅಲ್ಲ, ಶಾಲೆಗಳಲ್ಲಿ ಕೌನ್ಸೆಲಿಂಗ್, ಕಂಪನಿಗಳ ಎಚ್‌ಆರ್ ಕೂಡ ಇವೆ.

ಸ್ಟ್ಯಾಟಿಸ್ಟಿಕ್ಸ್‌ಗೆ ಹೆದರಬೇಡಿ. ಸೈಕಾಲಜಿಯಲ್ಲಿ ಅದು ಇದ್ದೇ ಇರುತ್ತದೆ, ಕಾಮರ್ಸ್ ಓದಿದ ನಿಮಗೆ ಅದು ಸುಲಭವೇ ಆಗಬಹುದು.

ಇನ್ನೊಂದು ಮಾತು. ಇಂಗ್ಲಿಷ್ ಸಾಲದು ಅಂತ ಹಿಂಜರಿದಿದ್ದೀರಿ, ಅಲ್ವಾ? ಪಠ್ಯ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ, ಕಲಿಯಲೇಬೇಕು. ಆದರೆ ದುಃಖ ತೋಡಿಕೊಳ್ಳಲು ಬರುವ ಎಷ್ಟೋ ಜನರಿಗೆ ಕನ್ನಡವೇ ಬೇಕು. ಅಂಥವರ ಮಾತು ಕೇಳುವವರು ನಮ್ಮ ಜಿಲ್ಲೆಗಳಲ್ಲಿ ತುಂಬಾ ಕಮ್ಮಿ. ದಯವಿಟ್ಟು ಬನ್ನಿ.