ಊದಿದ ಬ್ಯಾಟರಿಗೆ ಸೂಜಿ ಚುಚ್ಚಬಹುದೇ?

ಪ್ರಶ್ನೆ: ಲ್ಯಾಪ್‌ಟಾಪನ್ನು ಸದಾ ಚಾರ್ಜರಿಗೆ ಸಿಕ್ಕಿಸಿಯೇ ಬಳಸುತ್ತೇನೆ. ಬ್ಯಾಟರಿ ಊದಿ ಟಚ್‌ಪ್ಯಾಡ್ ಮೇಲೆದ್ದಿದೆ. ಸೂಜಿ ಚುಚ್ಚಿ ಗಾಳಿ ತೆಗೆದರೆ ಸರಿಹೋದೀತೇ?

ಉತ್ತರ: ಖಂಡಿತ ಬೇಡ. ಒಳಗಿರುವುದು ಗಾಳಿಯಲ್ಲ; ಎಲೆಕ್ಟ್ರೋಲೈಟ್ (ಬ್ಯಾಟರಿಯ ಎರಡು ತುದಿಗಳ ನಡುವಿನ ದ್ರವ) ಒಡೆದು ಹುಟ್ಟಿದ ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಎಥಿಲೀನ್ ಮುಂತಾದ ಅನಿಲಗಳು.

ಎಥಿಲೀನ್ ಕಾರ್ಬೊನೇಟ್‌ನಂಥ ದ್ರಾವಕದಲ್ಲಿ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಲವಣ ಕರಗಿಸಿದರೆ ಎಲೆಕ್ಟ್ರೋಲೈಟ್. ಕಾರ್ಖಾನೆಯ ಮೊದಲ ಚಾರ್ಜಿನಲ್ಲೇ ಅದು ಸ್ವಲ್ಪ ಒಡೆದು, ಋಣಾಗ್ರದ (ಮೈನಸ್ ತುದಿಯ) ಗ್ರಾಫೈಟ್ ಮೇಲೆ ಹಾಲಿನ ಕೆನೆಯ ಹಾಗೆ ನ್ಯಾನೋಮೀಟರ್ ಲೆಕ್ಕದ ಪೊರೆ ಕಟ್ಟುತ್ತದೆ. ಅದನ್ನು ಲಿಥಿಯಂ ಅಯಾನು (ವಿದ್ಯುದಾವೇಶವಿರುವ ಲಿಥಿಯಂ ಕಣ) ದಾಟುತ್ತದೆ, ಎಲೆಕ್ಟ್ರಾನ್ ದಾಟುವುದಿಲ್ಲ. ಈ ಒಡೆತ ಒಳ್ಳೆಯದೇ; ಪೊರೆಯಿಲ್ಲದೆ ಬ್ಯಾಟರಿ ಬಾಳುವುದೇ ಇಲ್ಲ.

ನಿಮ್ಮಲ್ಲಿ ಕೆಟ್ಟಿರುವುದು ಬಹುಶಃ ಇನ್ನೊಂದು ತುದಿ, ಅಂದರೆ ಧನಾಗ್ರ (ಪ್ಲಸ್ ತುದಿ). ಸದಾ 100% ಎಂದರೆ ಬ್ಯಾಟರಿಯ ಪ್ರತಿ ಸೆಲ್ ಸುಮಾರು 4.2 ವೋಲ್ಟಿನಲ್ಲೋ ಅದಕ್ಕೂ ಮೇಲೋ ನಿಂತಿರುತ್ತದೆ. ಜೊತೆಗೆ ಪ್ರೊಸೆಸರಿನ ಬಿಸಿ. ಆಗ ಧನಾಗ್ರದ ಮೇಲ್ಮೈಯಲ್ಲಿ ದ್ರಾವಕ ಉತ್ಕರ್ಷಿಸಿ (ಎಲೆಕ್ಟ್ರಾನ್ ಕಳೆದುಕೊಂಡು ಒಡೆದು) ಅನಿಲವಾಗುತ್ತದೆ.

ಚುಚ್ಚಿದರೆ ಎರಡೂ ತುದಿಗಳ ಪದರಗಳು ಶಾರ್ಟ್ ಆಗಿ ಬೆಂಕಿ ಹತ್ತೀತು. ತೇವ ಹೊಕ್ಕರೆ ಲವಣದಿಂದ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ಚಾರ್ಜರ್ ಕಿತ್ತು, ಲ್ಯಾಪ್‌ಟಾಪ್ ಆಫ್ ಮಾಡಿ. ಟಚ್‌ಪ್ಯಾಡ್ ಒತ್ತಿ ಕೂರಿಸಲು ಹೋಗಬೇಡಿ. ರಿಪೇರಿಯವರಿಂದ ಬ್ಯಾಟರಿ ಬದಲಿಸಿ, ಹಳೆಯದನ್ನು ಇ-ತ್ಯಾಜ್ಯಕ್ಕೆ ಕೊಡಿ, ಕಸದ ಬುಟ್ಟಿಗಲ್ಲ. ಹೊಸದಕ್ಕೆ ಸೆಟ್ಟಿಂಗ್ಸ್‌ನಲ್ಲಿ 80% ಮಿತಿ ಇದ್ದರೆ ಹಾಕಿಕೊಳ್ಳಿ.