ಮನೆಯಲ್ಲೇ ಮಾಸ್‌ಫೆಟ್ ಆಂಪ್ಲಿಫೈಯರ್ ಕಟ್ಟಿದೆ. ಹಾಡು ಹಾಕದಿದ್ದರೂ ಹೀಟ್‌ಸಿಂಕ್ ಕಾಯುತ್ತಲೇ ಹೋಗುತ್ತದೆ, ಏಕೆ?

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಐಆರ್‌ಎಫ್‌ಪಿ240, ಐಆರ್‌ಎಫ್‌ಪಿ9240 ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಜೋಡಿಯನ್ನೇ ನೀವು ಬಳಸಿರಬೇಕು. ಮಾಸ್‌ಫೆಟ್ ಬಿಸಿಯಾದರೆ ತಾನಾಗಿಯೇ ಕರೆಂಟನ್ನು ತಗ್ಗಿಸಿಕೊಳ್ಳುತ್ತದೆ ಎಂಬ ಜನಪ್ರಿಯ ಮಾತನ್ನು ಇಲ್ಲಿ ನಂಬಬೇಡಿ. ಇವು ಸ್ವಿಚಿಂಗ್‌ಗೆಂದು, ಅಂದರೆ ಕರೆಂಟನ್ನು ಹರಿಸಿ ನಿಲ್ಲಿಸಲೆಂದು ಮಾಡಿದವು. 100 ಮಿಲಿಆಂಪಿಯರ್ ಆಸುಪಾಸಿನ ಬಯಾಸ್‌ನಲ್ಲಿ (ಹಾಡಿಲ್ಲದಾಗಲೂ ಹರಿಯುವ ಕರೆಂಟ್) ಬಿಸಿ ಏರಿದಂತೆ ಕರೆಂಟೂ ಏರುತ್ತದೆ, ಕರೆಂಟ್ ಏರಿದಂತೆ ಮತ್ತೆ ಬಿಸಿ. ಆದ್ದರಿಂದ ಬಯಾಸ್ ನಿಯಂತ್ರಿಸುವ ಟ್ರಾನ್ಸಿಸ್ಟರನ್ನು ಬೋರ್ಡಿನ ಮೇಲೆ ಬಿಡದೆ ಹೀಟ್‌ಸಿಂಕ್‌ಗೇ ಬಿಗಿಯಿರಿ; ಆಗ ಅದು ಬಿಸಿಯನ್ನು ಅರಿತು ಬಯಾಸನ್ನು ತಗ್ಗಿಸುತ್ತದೆ. ನಡುವೆ ಮೈಕಾ ಹಾಳೆ ಇರಲಿ.

ಮಾಸ್‌ಫೆಟ್‌ನ ಗೇಟ್ (ಕರೆಂಟನ್ನು ನಿಯಂತ್ರಿಸುವ) ಕಾಲಿನ ಪಕ್ಕದಲ್ಲೇ 220 ಓಮ್ ರೆಸಿಸ್ಟರ್ ಇದೆಯೇ? ಇಲ್ಲದಿದ್ದರೆ ಕಿವಿಗೆ ಕೇಳಿಸದ ಆಸಿಲೇಷನ್ (ಸರ್ಕ್ಯೂಟ್ ತಾನಾಗಿಯೇ ಕಂಪಿಸುವುದು) ಕೂಡ ಹೀಗೆಯೇ ಕಾಯಿಸಬಲ್ಲದು.

ಪರೀಕ್ಷಿಸುವಾಗ ಸ್ಪೀಕರ್ ಬಿಚ್ಚಿಟ್ಟು, ಟ್ರಾನ್ಸ್‌ಫಾರ್ಮರ್‌ನ 230 ವೋಲ್ಟ್ ಬದಿಗೆ ಸರಣಿಯಲ್ಲಿ 60 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಹಾಕಿ (ಎಲ್‌ಇಡಿ ಬಲ್ಬ್ ನಡೆಯದು). ಅದು ಒಮ್ಮೆ ಮಿಂಚಿ ಮಂಕಾಗಬೇಕು. ಪ್ರಖರವಾಗಿಯೇ ಉಳಿದರೆ ಕರೆಂಟ್ ಅತಿಯಾಗಿ ಹರಿಯುತ್ತಿದೆ ಎಂದರ್ಥ, ಕೂಡಲೇ ಸ್ವಿಚ್ ಆರಿಸಿ.